ಚಿಂದಿ ಕಟ್ಟದ ಸ್ಟೆಪ್ನಿ

ದೀಪ ಸ್ವಲ್ಪ ಸಣ್ಣಗೆ ಮಾಡಿ... ಹಾಂ, ಅಷ್ಟು ಸಾಕು.

ಇದು ನಮ್ಮ ನೆವ್‌ಗೆ ಆದದ್ದು. ಮರಳುಗಾಡಿನ ಅಂಚಿನ ಟಿಂಬೂಲಾದಲ್ಲಿ ಟೈರಿನಂಗಡಿ ಇಟ್ಟುಕೊಂಡಿದ್ದಾನಲ್ಲ, ನನ್ನ ಚಿಕ್ಕಮ್ಮನ ಮಗ, ಅವನಿಗೆ. ಊರವರು ಇದನ್ನು ಬೇರೆ ಬೇರೆ ಥರ ಹೇಳುತ್ತಾರೆ. ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಉಪ್ಪು ಖಾರ ಹಚ್ಚುತ್ತಾರೆ. ನಾನು ಹಚ್ಚುವುದಿಲ್ಲ. ಹಚ್ಚಿದರೂ ರುಚಿಗೆ ಬೇಕಾದಷ್ಟೇ.

ಆವತ್ತು ನೆವ್ ಪಬ್ಬಿನಿಂದ ಹೊರಟಾಗ ಹೊತ್ತು ಮೀರಿತ್ತು. ಚಂದ್ರ ಇರಲಿಲ್ಲ. ಅವನ ಮನೆ ದಾರಿಯಲ್ಲಿ ಊರಿನ ಕೊಳವೆಬಾವಿ ಸಿಗುತ್ತದೆ. ನೆಲದ ಹೊಟ್ಟೆಯಿಂದ ಕುದಿಯುತ್ತಲೇ ಬರುವ ನೀರು, ರಾತ್ರಿಯೆಲ್ಲ ಬುಸುಬುಸು ಹಬೆ, ಸುತ್ತ ಕೊಳೆತ ಮೊಟ್ಟೆಯ ವಾಸನೆ. ಪಕ್ಕದಲ್ಲೊಂದು ಮುದಿ ಕೂಲಿಬಾ ಮರ.

ಮರ ದಾಟಿದ. ಹಿಂದೆ ಸದ್ದು.

ಗರಗರಗರ... ಪಟ್.

ನಿಂತ. ಸದ್ದೂ ನಿಂತಿತು.

ನಡೆದ. ಗರಗರಗರ... ಪಟ್. ಗರಗರಗರ... ಪಟ್.

ಬೇರೆಯವರಾಗಿದ್ದರೆ ನಾಯಿ ಅಂದುಕೊಳ್ಳುತ್ತಿದ್ದರು, ಕಾಂಗರೂ ಅಂದುಕೊಳ್ಳುತ್ತಿದ್ದರು. ನೆವ್ ಬೆಳೆದದ್ದೇ ಟೈರುಗಳ ನಡುವೆ. ಅದು ಕಬ್ಬಿಣದ ರಿಮ್ಮು, ಭಾರದ ಟೈರು, ಗಾಳಿ ಗಟ್ಟಿಯಾಗಿ ತುಂಬಿದೆ. ಯಾರೋ ಚಕ್ರವನ್ನು ಜಲ್ಲಿಯ ಮೇಲೆ ಉರುಳಿಸಿಕೊಂಡು ಬರುತ್ತಿದ್ದಾರೆ, ಒಂದೊಂದು ಸುತ್ತಿಗೆ ಒಂದೊಂದು ಸಲ ಅಂಗೈಯಿಂದ ತಟ್ಟುತ್ತಿದ್ದಾರೆ. ಹಾಗೆ ತಟ್ಟಿ ಉರುಳಿಸುವವನು ಆ ಸೀಮೆಗೆಲ್ಲ ಒಬ್ಬನೇ ಇದ್ದ. ಕ್ಲ್ಯಾರಿ ಡನ್‌ಸ್ಟನ್.

ಕ್ಲ್ಯಾರಿ ಸತ್ತು ವರ್ಷವಾಗುತ್ತ ಬಂದಿತ್ತು.

ನೆವ್ ಅಲ್ಲೇ ನಿಂತಿರಲಿ. ಕ್ಲ್ಯಾರಿ ಯಾರು ಅಂತ ತಿಳಿಯದಿದ್ದರೆ ನಿಮಗೆ ನೆವ್‌ನ ಹೆದರಿಕೆ ಅರ್ಥವಾಗುವುದಿಲ್ಲ.

ಆಗ ಅರವತ್ತು ದಾಟಿದ ಮನುಷ್ಯ, ಕಡ್ಡಿಯಂಥ ಕಾಲು, ಟೋಪಿ ತೆಗೆದದ್ದನ್ನು ಹೆಂಡತಿಯೂ ನೋಡಿರಲಿಲ್ಲ. ಎದುರು ಸಿಕ್ಕವರಿಗೆ ಹೇಗಿದ್ದೀಯ ಅಂತ ಕೇಳುವವನಲ್ಲ. "ಗಾಳಿ ಎಷ್ಟಿದೆ?" ಅನ್ನುವವನು. ಗಾಡಿಯ ಟೈರಿನದ್ದು. ಪಾದ್ರಿ ಬಂದರೂ ಅದೇ, ಪೊಲೀಸು ಬಂದರೂ ಅದೇ. ಉತ್ತರ ಹೇಳಲು ತಡವರಿಸಿದರೆ ಮುಗಿಯಿತು, ಬಿಯರು ಬಿಸಿಯಾಗುವ ತನಕ ಪಾಠ.

ಒಮ್ಮೆ ಪಟ್ಟಣದವನೊಬ್ಬ ಮಿರಮಿರ ಅನ್ನುವ ಅಲಾಯ್ ಚಕ್ರದ ಗಾಡಿ ತಂದು ಪಬ್ಬಿನ ಮುಂದೆ ನಿಲ್ಲಿಸಿದ. ಕ್ಲ್ಯಾರಿ ಗ್ಲಾಸು ಹಿಡಿದುಕೊಂಡೇ ಹೊರಗೆ ಬಂದು ಗಾಡಿಗೆ ಒಂದು ಸುತ್ತು ಹಾಕಿದ.

"ಚೆನ್ನಾಗಿದೆ. ಮದುವೆಗೆ ಹೊರಟಿದ್ದೀಯಾ?"

"ಇಲ್ಲ, ಮರಳುಗಾಡಿಗೆ."

"ಹಾಗಾದ್ರೆ ತಿಥಿಗೆ ಅನ್ನು. ನೋಡು ಮಗನೇ, ಕಬ್ಬಿಣ ಬಗ್ಗುತ್ತೆ, ಅಲಾಯ್ ಬಿರಿಯುತ್ತೆ. ಬಗ್ಗಿದ್ದನ್ನ ಸುತ್ತಿಗೇಲಿ ಬಡಿದು ನೆಟ್ಟಗೆ ಮಾಡ್ಕೊಂಡು ಮನೆ ಸೇರಬಹುದು. ಬಿರಿದಿದ್ದಕ್ಕೆ ಅಂಟು ಯಾರ ಹತ್ರ ಕೇಳ್ತೀಯ, ಹದ್ದಿನ ಹತ್ರನಾ? ಇನ್ನೊಂದು. ಈ ಅಳತೆ ಚಕ್ರ ಈ ಕಡೆ ಯಾರ ಗಾಡಿಗೂ ಇಲ್ಲ. ನಿಂದು ಹೋದ್ರೆ ಯಾರದು ನಿನಗೆ ಕೂರುತ್ತೆ? ಊರಿನ ಅಳತೆನೇ ನಿನ್ನ ಅಳತೆ ಆಗ್ಬೇಕು."

"ಟೈರು ಹೊಸದು ಕಣ್ರೀ."

ಕ್ಲ್ಯಾರಿ ಬಗ್ಗಿ ಟೈರಿನ ಪಕ್ಕೆಯನ್ನು ಬೆರಳಲ್ಲಿ ಹಿಂಡಿದ. "ನೆಲ ಹಿಡಿಯೋ ಬಟನ್ನು ಚೆನ್ನಾಗೇ ಇದೆ. ಪಕ್ಕೆ ಕಾಗದ. ಕಲ್ಲು ಕಚ್ಚೋದು ಪಕ್ಕೆಗೇ ಕಣೋ. ಆಮೇಲೆ ಸ್ಟೆಪ್ನಿ ಒಂದೇ ಇದೆ. ಎರಡನೇದು ಯಾಕೆ ಗೊತ್ತಾ? ಮೊದಲನೇದು ಹೋದ ಮೇಲೆ ನಿದ್ದೆ ಬರಲಿ ಅಂತ."

ಆ ಮನುಷ್ಯ ಕೊನೆಗೆ ನೆವ್‌ನ ಅಂಗಡಿಯಲ್ಲೇ ಚಕ್ರ ಬದಲಿಸಿಕೊಂಡು ಹೋದ ಅನ್ನಿ. ನೆವ್‌ನ ವ್ಯಾಪಾರದಲ್ಲಿ ಅರ್ಧ ಕ್ಲ್ಯಾರಿಯ ಬಾಯಿಂದಲೇ ನಡೆಯುತ್ತಿತ್ತು.

ಊರಿನ ಅಳತೆ ಅಂದನಲ್ಲ ಕ್ಲ್ಯಾರಿ, ಅದರ ಹಿಂದೊಂದು ಪದ್ಧತಿ ಇದೆ. ಟಿಂಬೂಲಾದಲ್ಲಿ ಎಲ್ಲರ ಗಾಡಿಗೂ ಒಂದೇ ಅಳತೆಯ ಕಬ್ಬಿಣದ ಚಕ್ರ. ಯಾರಿಗಾದರೂ ತುರ್ತು ಬಿದ್ದರೆ ಪಕ್ಕದವನ ಗಾಡಿಯಿಂದ ಸ್ಟೆಪ್ನಿ ಬಿಚ್ಚಿಕೊಂಡು ಹೋಗಬಹುದು. ಕೇಳಬೇಕಾಗಿಲ್ಲ, ಎಬ್ಬಿಸಬೇಕಾಗಿಲ್ಲ. ಅದು ಕಳ್ಳತನವಲ್ಲ. ಆದರೆ ಖಾಲಿಯಾದ ಬೋಲ್ಟಿಗೆ ಒಂದು ಚಿಂದಿ ಬಟ್ಟೆ ಕಟ್ಟಿ ಹೋಗಬೇಕು. ಚಿಂದಿ ಇದ್ದರೆ, 'ತಗೊಂಡಿದ್ದೀನಿ, ತಂದು ಕೊಡ್ತೀನಿ' ಅಂತ ಅರ್ಥ. ಇಲ್ಲದಿದ್ದರೆ ಯಾರೂ ಮುಟ್ಟಿಲ್ಲ, ನಿನ್ನ ಚಕ್ರ ನಿನ್ನಲ್ಲೇ ಇದೆ, ನಂಬಿ ಹೊರಡಬಹುದು. ಆ ಚಿಂದಿಯ ನಂಬಿಕೆಯ ಮೇಲೆ ಆ ಊರು ಬದುಕಿತ್ತು. ದಾರಿಯಲ್ಲಿ ಕೆಟ್ಟು ನಿಂತರೆ ಕರೆಯಲು ಆಗಿನ್ನೂ ಅಲ್ಲಿಗೆ ಉಪಗ್ರಹದ ಫೋನು ಬಂದಿರಲಿಲ್ಲ.

ಈಗ ನೆವ್ ಮಾಡಿದ್ದು ಕೇಳಿ.

ಹಿಂದಿನ ವರ್ಷ ಕುದುರೆ ರೇಸಿನ ವಾರ. ಬೆಳಗ್ಗೆ ಪ್ರವಾಸಿಯೊಬ್ಬ ಬಂದು ಕಾಡಿದ ಅಂತ ನೆವ್ ತನ್ನದೇ ಗಾಡಿಯ ಸ್ಟೆಪ್ನಿ ಬಿಚ್ಚಿ ಮಾರಿಬಿಟ್ಟ. ಮಧ್ಯಾಹ್ನ ರೇಸಿಗೆ ಹೊರಡಬೇಕು, ಸ್ಟೆಪ್ನಿ ಇಲ್ಲ. ಅಂಗಡಿ ಖಾಲಿ. ಕ್ಲ್ಯಾರಿ ಬೆನ್ನುನೋವು ಅಂತ ಒಳಗೆ ಮಲಗಿದ್ದ, ಅವನ ಗಾಡಿ ಹೊರಗೆ ನಿಂತಿತ್ತು. ನೆವ್ ಅದರ ಎರಡು ಸ್ಟೆಪ್ನಿಗಳಲ್ಲಿ ಹಿಂಬದಿಯದನ್ನು ಬಿಚ್ಚಿದ. ಕ್ಲ್ಯಾರಿಯ ಚಕ್ರ ಅಂದರೆ ಗುರುತು ಸಿಗುತ್ತದೆ, ರಿಮ್ಮಿನ ಒಳಬದಿಗೆ ಹಳದಿ ಬಣ್ಣದ ಉಂಗುರ ಎಳೆದಿರುತ್ತಾನೆ. ನೆವ್ ಜೇಬಿನಿಂದ ಚಿಂದಿಯನ್ನೂ ತೆಗೆದ...

ತೆಗೆದವನು ಕಟ್ಟಲಿಲ್ಲ.

ಚಿಂದಿ ನೋಡಿದರೆ ಕ್ಲ್ಯಾರಿ ಕೇಳುತ್ತಾನೆ. ಯಾರಪ್ಪಾ ತಗೊಂಡಿದ್ದು? ಟೈರಿನಂಗಡಿಯವನು. ಟೈರಿನಂಗಡಿಯವನ ಗಾಡಿಗೇ ಸ್ಟೆಪ್ನಿ ಇರಲಿಲ್ವಂತೆ... ಪಬ್ಬಿನಲ್ಲಿ ವರ್ಷವಿಡೀ ಇದೇ ಹಾಡು. ನೆವ್‌ಗೆ ಕ್ಲ್ಯಾರಿಯ ನಾಲಿಗೆಯ ಭಯ. ಅಂಗಡಿಯ ಹಿಂದೆ ಬಿದ್ದಿದ್ದ ಒಂದು ಹಳೇ ಚಕ್ರಕ್ಕೆ ಗಾಳಿ ತುಂಬಿದ. ಬಟನ್ನು ಸವೆದಿರಲಿಲ್ಲ, ಆದರೆ ಬಿಸಿಲಿಗೆ ರಬ್ಬರು ಸತ್ತುಹೋಗಿ ಪಕ್ಕೆಯಲ್ಲಿ ಕೂದಲಿನಂಥ ಬಿರುಕು. ಅದನ್ನೇ ಕ್ಲ್ಯಾರಿಯ ಗಾಡಿಗೆ ಬಿಗಿದು ಮೇಲೆ ಹೊದಿಕೆ ಎಳೆದ. ಸೋಮವಾರ ಬಂದು ಬದಲಾಯಿಸಿದರಾಯಿತು, ಯಾರಿಗೂ ತಿಳಿಯುವುದಿಲ್ಲ.

ಸೋಮವಾರ ನೆವ್ ರೇಸಿನ ಮೈದಾನದಲ್ಲಿ ಬಿಯರಿನ ಡೇರೆಯೊಳಗೇ ಇದ್ದ.

ಸೋಮವಾರವೇ ಉತ್ತರದ ದನದ ಫಾರಮ್ಮಿನಿಂದ ಕ್ಲ್ಯಾರಿಗೆ ರೇಡಿಯೋದಲ್ಲಿ ಸುದ್ದಿ ಬಂತು. ಮಗಳ ಮನೆಯದು. ನೀರಿನ ಪಂಪು ಕೆಟ್ಟಿದೆ, ದನ ಸಾಯ್ತಿವೆ, ಬಿಡಿಭಾಗ ಬೇಕು. ಬೆನ್ನುನೋವಲ್ಲೇ ಎದ್ದ, ಮಾರನೆಯ ದಿನ ಕತ್ತಲಿರುವಾಗಲೇ ಹೊರಟ. ಹೊರಡುವ ಮುಂಚೆ ಹಿಂದಿನ ಸ್ಟೆಪ್ನಿಗೆ ಹೊದಿಕೆಯ ಮೇಲಿಂದಲೇ ಒಂದು ಗುದ್ದು ಗುದ್ದಿ ನೋಡಿದನಂತೆ. ಗಟ್ಟಿಯಾಗಿತ್ತು. ಚಿಂದಿ ಇರಲಿಲ್ಲ. ನಂಬಿದ.

ಚೂಪುಗಲ್ಲಿನ ಬಯಲಿನಲ್ಲಿ ಒಂದು ಟೈರು ಹೋಯಿತು. ಮೊದಲ ಸ್ಟೆಪ್ನಿ ಹಾಕಿದ. ಅದರ ಪಕ್ಕೆಯನ್ನೂ ಕಲ್ಲು ಸೀಳಿತು. ಎರಡನೆಯದು ಹಾಕಿದ... ಗಾಡಿ ನಾಲ್ಕು ಮಾರು ಉರುಳಿತೋ ಇಲ್ಲವೋ, ಅದು ಹಳೇ ಚೀಲದಂತೆ ಬಾಯಿ ಬಿಟ್ಟಿತು. ಅಂಚೆ ಲಾರಿ ಆ ದಾರಿಯಲ್ಲಿ ಬಂದಾಗ ಕ್ಲ್ಯಾರಿ ಚಕ್ರದ ಪಕ್ಕದಲ್ಲೇ ಒರಗಿದ್ದ, ಕೈಯಲ್ಲಿ ಟೈರು ಬಿಚ್ಚುವ ಲಿವರು. ಉರಿಬಿಸಿಲಲ್ಲಿ ತೇಪೆ ಹಾಕಲು ಹೆಣಗಿ ಹೆಣಗಿ ಎದೆ ನಿಂತುಹೋಗಿತ್ತು.

ಗಾಡಿ ಎಳೆದು ತರಲು ಕಳಿಸಿದ್ದು ಯಾರನ್ನು? ನೆವ್‌ನನ್ನೇ.

ಲಾರಿಯವನು ಕಂಡದ್ದನ್ನು ಊರಿಗೆ ಹೇಳಿದ್ದ. ಕೊಳೆತ ಸ್ಟೆಪ್ನಿ ಹಾಕ್ಕೊಂಡು ಹೋಗಿದ್ದ ಅಂತ. ಮೊದಲು ಜನ ಅತ್ತರು. ತಿಂಗಳು ಕಳೆದ ಮೇಲೆ ಪಬ್ಬಿನಲ್ಲಿ ಡೂಲನ್, ಅವನೇ ಪಬ್ಬಿನ ಯಜಮಾನ, ಗ್ಲಾಸು ಒರೆಸುತ್ತ, "ಪಾಪ ಕ್ಲ್ಯಾರಿ... ಊರಿಗೆಲ್ಲ ಪಾಠ, ತನಗೆ ಮಾತ್ರ ರಜೆ," ಅಂದ. ಎಲ್ಲರೂ ನಕ್ಕರು.

ನೆವ್ ಕೂಡ ನಕ್ಕ.

ಕ್ಲ್ಯಾರಿಯ ಚಕ್ರ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕೊಕ್ಕೆಗೆ ನೇತುಹಾಕಿತ್ತು, ಮೇಲೊಂದು ತಾಡಪಾಲು. ಕೊಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಅದಕ್ಕೆ ಬೆನ್ನು ಹಾಕಿ ಕೆಲಸ ಮಾಡುವುದು ಕಲಿತ.

ಹಾಗೆ ವರ್ಷ ಕಳೆಯುತ್ತ ಬಂತು. ಈ ಕತೆ ನಡೆದ ದಿನ ಬೆಳಗ್ಗೆ ಥೆಲ್ಮಾ ಅಂಗಡಿಗೆ ಬಂದಳು. ಕ್ಲ್ಯಾರಿಯ ಹೆಂಡತಿ.

"ಮಗಳಿಗೆ ದಿನ ತುಂಬಿದೆ ನೆವ್. ನಾಳೆ ಹೊರಡ್ತೀನಿ."

"ಯಾವುದರಲ್ಲಿ?"

"ಅವನ ಗಾಡಿಲೇ. ಅದೇ ದಾರಿ, ಇನ್ನೊಂದು ಎಲ್ಲಿದೆ? ಟೈರು ನೀನೇ ಆರಿಸಿ ಹಾಕು. ನಂಗೇನು ಗೊತ್ತಾಗುತ್ತೆ. ನಿನ್ನ ಕೈ ಮೇಲೆ ಅವನಿಗೆ ನಂಬಿಕೆ ಇತ್ತು."

ನೆವ್ ಸ್ಪ್ಯಾನರು ಹುಡುಕುವವನ ಹಾಗೆ ತಲೆ ತಗ್ಗಿಸಿದ.

"ಒಂದು ಮಾತು ಕೇಳ್ಲಾ?" ಅಂದಳು ಥೆಲ್ಮಾ. ದನಿ ಇಳಿದಿತ್ತು. "ಆ ಕೊಳೆತ ಟೈರು... ಅದಕ್ಕೆ ನಾನೇ ಕಾರಣ ಇರ್ಬೇಕು. ಒಂದು ದಿನ ರೇಗಿದ್ದೆ. ಮನೇಲಿ ನನಗಿಂತ ಟೈರು ಜಾಸ್ತಿ ಆಗಿವೆ, ಹಳೇದು ಸವೆಸಿ ಆಮೇಲೆ ಹೊಸದು ತಗೋ ಅಂತ. ಅವನು ನನ್ನ ಮಾತು ಯಾವತ್ತೂ ಕೇಳಿದವನಲ್ಲ. ಅದೊಂದು ಮಾತು ಕೇಳಿಬಿಟ್ನಾ ಅಂತ..."

ಈಗ ಹೇಳಬೇಕು. ನೆವ್‌ಗೆ ಗೊತ್ತಿತ್ತು, ಈಗಲೇ ಹೇಳಬೇಕು. ಬಾಯಿ ತೆರೆದ.

"ಪಕ್ಕೆ ದಪ್ಪ ಇರೋದೇ ಹಾಕ್ತೀನಿ," ಅಂದ. "ಭಾರದ ಗಾಡಿಗೆ ಹಾಕೋದು. ಗಾಳಿ ನಾನೇ ನೋಡಿ ಇಡ್ತೀನಿ. ಕಲ್ಲಿನ ಬಯಲು ಬಂದಾಗ ಸ್ವಲ್ಪ ಇಳಿಸಿ, ನಿಧಾನಕ್ಕೆ ಹೋಗಿ."

"ಸರಿಯಪ್ಪ," ಅಂದಳು. ಹೋದಳು.

ದಿನವಿಡೀ ಕೂತು ನಾಲ್ಕಕ್ಕೂ ಒಳ್ಳೆಯ ಟೈರು ಕೂರಿಸಿದ. ರಿಮ್ಮುಗಳನ್ನು ತಟ್ಟಿ ಸದ್ದು ಕೇಳಿದ. ಒಂದು ಸ್ಟೆಪ್ನಿ ಕಟ್ಟಿದ. ಎರಡನೆಯದಕ್ಕೆ ಅಂಗಡಿಯಲ್ಲಿ ಆ ಅಳತೆಯ ರಿಮ್ಮೇ ಇಲ್ಲ, ಆ ಕೊಳೆತ ಚಕ್ರವನ್ನು ಕಣ್ಣಿಗೆ ಬೀಳದ ಹಾಗೆ ಆಗಲೇ ಎಸೆದುಬಿಟ್ಟಿದ್ದ. ಸಾಮಾನಿನ ಲಾರಿ ಬರಲು ಇನ್ನೂ ಸಮಯವಿದೆ, ಊರಿನ ಗಾಡಿಗಳೆಲ್ಲ, ಅವನದೂ ಸೇರಿ, ದನ ಕೂಡಿಸಲು ದೂರ ಹೋಗಿವೆ, ನಾಳೆ ಸಂಜೆಗೇ ವಾಪಸ್ಸು. ಇದ್ದದ್ದು ಒಂದೇ... ತಾಡಪಾಲಿನ ಕೆಳಗೆ. ಸಂಜೆ ಗಾಡಿಯನ್ನು ಥೆಲ್ಮಾಳ ಮನೆಯ ಮುಂದೆ ಬಿಟ್ಟು, ಇನ್ನೊಂದನ್ನು ನಾಳೆ ತರುತ್ತೇನೆ ಅಂತ ಹೇಳಿ ಬಂದ.

ಶೆಡ್ಡಿಗೆ ಹೋದ. ಅಲ್ಲೂ ಹೇಡಿತನ ಬಿಡಲಿಲ್ಲ. ಚಕ್ರ ಕೊಡುವ ಮನಸ್ಸಿದೆ, ಹೇಳುವ ಮನಸ್ಸಿಲ್ಲ. ಕಪ್ಪು ಬಣ್ಣದ ಡಬ್ಬಿ ತೆಗೆದು ಹಳದಿ ಉಂಗುರದ ಮೇಲೆ ಬಳಿದ, ಎರಡು ಸಲ ಬಳಿದ. ಬೆಳಗ್ಗೆ ಅಂಗಡಿಯದು ಅಂತ ಕೊಟ್ಟರಾಯಿತು. ಒಣಗಲಿ ಅಂತ ಕೊಕ್ಕೆಗೆ ಹಾಕಿ, ಕುಡಿಯಲು ಹೋದ.

ಸರಿ. ಈಗ ವಾಪಸ್ ಕೊಳವೆಬಾವಿಯ ಹತ್ತಿರ ಬನ್ನಿ. ನೆವ್ ಇನ್ನೂ ಅಲ್ಲೇ ನಿಂತಿದ್ದಾನೆ.

ಗರಗರಗರ... ಪಟ್.

ಸದ್ದು ಮರ ದಾಟಿತು. ಹತ್ತಿರ ಬಂತು. ಬೆನ್ನ ಹಿಂದೆ ಬಂದು ನಿಂತಿತು. ಹಬೆಯ ಬುಸುಬುಸು ಬಿಟ್ಟರೆ ಇನ್ನೇನೂ ಇಲ್ಲ. ನೆವ್‌ಗೆ ಹಿಂತಿರುಗಲು ಕುತ್ತಿಗೆಯೇ ಬರಲಿಲ್ಲ.

"ಯಾರು?" ಅಂದ. ಪಿಸುಮಾತು, ತನಗೇ ಸರಿಯಾಗಿ ಕೇಳಿಸಲಿಲ್ಲ.

ಆಮೇಲೆ ಕಿವಿಯ ಹತ್ತಿರ, ಯಾವತ್ತಿನ ದನಿಯಲ್ಲೇ, ಸಿಟ್ಟಿಲ್ಲ ಏನಿಲ್ಲ...

"ಗಾಳಿ ಎಷ್ಟಿದೆ?"

"ಸರಿಯಾಗಿದೆ," ಅಂದ ನೆವ್, "ಸರಿಯಾಗಿ ಇಟ್ಟಿದ್ದೀನಿ ಕ್ಲ್ಯಾರಿ... ನಾನೇ ನೋಡಿದ್ದೀನಿ."

"ಎರಡನೇದು?"

ಗರಗರಗರ... ಪಟ್. ಅದು ಅವನನ್ನು ದಾಟಿ ಮುಂದೆ ಹೋಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಸದ್ದು ಮಾತ್ರ ಹೋಗುತ್ತ ಹೋಗುತ್ತ ಸಣ್ಣದಾಯಿತು. ಹೋದದ್ದು ಥೆಲ್ಮಾಳ ಮನೆಯ ಕಡೆಗೆ.

ನೆವ್ ಶೆಡ್ಡಿಗೆ ಓಡಿದ. ಬೀಗ ಹಾಕಿದ ಹಾಗೇ ಇತ್ತು. ತೆಗೆದು ಟಾರ್ಚು ಬಿಟ್ಟ. ತಾಡಪಾಲು ಮಡಚಿ ಇಟ್ಟಿತ್ತು, ಹೆಂಗಸರು ದುಪ್ಪಟಿ ಮಡಚಿದಷ್ಟು ನೀಟಾಗಿ. ಚಕ್ರ ಇರಲಿಲ್ಲ. ಕೊಕ್ಕೆಯ ಕಡೆ ಕಣ್ಣೆತ್ತಿ ನೋಡುವ ಧೈರ್ಯ ಆಗಲಿಲ್ಲ, ಟಾರ್ಚನ್ನು ನೆಲಕ್ಕೇ ಹಿಡಿದ. ಕೆಂಪು ದೂಳಿನಲ್ಲಿ ಟೈರಿನ ಗೆರೆ. ಒಂದೇ ಗೆರೆ. ಬಾಗಿಲ ಕೆಳಗಿಂದ ಹೊರಗೆ, ಅಂಗಳ ದಾಟಿ, ಕೊಳವೆಬಾವಿಯ ದಾರಿಗೆ. ಪಕ್ಕದಲ್ಲಿ ಹೆಜ್ಜೆ ಗುರುತು ಹುಡುಕಿದ.

ಇದ್ದರೆ ತಾನೇ.

ಗೆರೆ ಹಿಡಿದು ಹೋದ. ಅದು ಥೆಲ್ಮಾಳ ಗೇಟಿನೊಳಗೆ ಹೊಕ್ಕು ಗಾಡಿಯ ಹಿಂದೆ ಮುಗಿದಿತ್ತು. ಚಕ್ರ ಅದರ ಜಾಗದಲ್ಲಿ ಕೂತಿತ್ತು, ನಟ್ಟು ಬಿಗಿದಿತ್ತು. ನೆವ್ ರಿಮ್ಮಿನ ಒಳಬದಿ ಮುಟ್ಟಿ ಕೈಯನ್ನು ಟಾರ್ಚಿನ ಬೆಳಕಿಗೆ ಹಿಡಿದ. ಬೆರಳಿಗೆ ಬಣ್ಣ ಅಂಟಿತ್ತು. ಹಸಿಬಣ್ಣ. ಅವನು ಬಳಿದಿದ್ದ ಕಪ್ಪಲ್ಲ... ಹಳದಿ.

ಅಡುಗೆಮನೆಯ ದೀಪ ಹೊತ್ತಿತು.

"ಯಾರದು?"

"ನಾನು, ನೆವ್."

ಬಾಗಿಲಿಗೆ ಬಂದಳು. ಹೆಗಲ ಮೇಲೆ ಕ್ಲ್ಯಾರಿಯ ಹಳೇ ಕೋಟು. "ಈ ಹೊತ್ತಲ್ಲಿ ಕೂರಿಸ್ಬೇಕಿತ್ತಾ? ನಟ್ಟು ಬಿಗಿಯೋ ಸದ್ದು ಆಗಿಂದ ಕೇಳ್ತಾ ಇದ್ದೆ. ಚಹಾ ಕುಡೀತೀಯಾ?"

ನೆವ್ ಮೆಟ್ಟಿಲ ಮೇಲೆ ಕೂತ. ಕೂತವನು ಹೇಳಿದ. ರೇಸು, ಪ್ರವಾಸಿ, ಹೊದಿಕೆ, ಸತ್ತ ರಬ್ಬರು, ಪಬ್ಬಿನಲ್ಲಿ ನಕ್ಕದ್ದು, ಎಲ್ಲ ಹೇಳಿದ. ಅವಳ ಮುಖ ನೋಡದೆ ತನ್ನ ಬೂಟಿಗೆ ಹೇಳಿದ.

ದೂರದಲ್ಲಿ ಕಾಡುನಾಯಿ ಒಂದು ಸಲ ಊಳಿಟ್ಟು ಸುಮ್ಮನಾಯಿತು.

"ಚಿಂದಿ ಯಾಕೆ ಕಟ್ಟಲಿಲ್ಲ?" ಅಂತ ಕೇಳಿದಳು ಥೆಲ್ಮಾ.

"ಅವನು ನಗ್ತಾನೆ ಅಂತ."

"ನಗ್ತಿದ್ದ," ಅಂದಳು. ಕೋಟಿನ ಗುಂಡಿ ಹಾಕಿಕೊಂಡಳು, ಮತ್ತೆ ಬಿಚ್ಚಿದಳು. "ನಕ್ಕು ನಕ್ಕು ಬದುಕಿರ್ತಿದ್ದ."

ನೆವ್ ಬೆರಳಿಗಂಟಿದ ಬಣ್ಣವನ್ನು ಪ್ಯಾಂಟಿಗೆ ಉಜ್ಜಿದ.

"ವರ್ಷ ಪೂರ್ತಿ," ಅಂದಳು ಥೆಲ್ಮಾ, "ನಾನೇ ಕೊಂದೆ ಅಂದ್ಕೊಂಡು ಮಲಗಿದ್ದೀನಿ. ನೀನು ನನ್ನ ಮನೆಗೆ ಬಂದು ಊಟ ಮಾಡ್ಕೊಂಡು ಹೋದೆ."

"ಹೌದು."

"ನಾಳೆ ಪಬ್ಬಲ್ಲಿ ಹೇಳು. ಎಲ್ಲರೂ ಇರೋವಾಗ. ಕುಡಿಯೋಕೆ ಮುಂಚೆ."

ಬಾಗಿಲು ಹಾಕಿಕೊಂಡಳು. ಚಹಾ ಕೊಡಲಿಲ್ಲ.

ಮಾರನೆಯ ಸಂಜೆ ನೆವ್ ಹೇಳಿದ. ಡೂಲನ್ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟು, "ಲೋ ನೆವ್, ನಾವೆಲ್ಲ ನಕ್ಕಿದ್ವಲ್ಲೋ," ಅಂದ, ಅಷ್ಟೇ. ಅವತ್ತಿನಿಂದ ಬಹಳ ಕಾಲ ಆ ಸೀಮೆಯ ದಾರಿಯಲ್ಲಿ ಎದುರಾದ ಗಾಡಿಯವರು ನೆವ್‌ಗೆ ಸ್ಟೇರಿಂಗಿನ ಮೇಲಿಂದ ನಮಸ್ಕಾರದ ಬೆರಳೆತ್ತಲಿಲ್ಲ. ಆ ಕಡೆ ಅದಕ್ಕಿಂತ ದೊಡ್ಡ ಬಹಿಷ್ಕಾರ ಇಲ್ಲ. ಕ್ಲ್ಯಾರಿಯ ಹೆಸರು ತಿರುಗಿ ನೆಟ್ಟಗಾಯಿತು. ಈಗಲೂ ಅಲ್ಲಿ ಯಾರಾದರೂ ಅಲಾಯ್ ಚಕ್ರ ತಂದರೆ ಅವನ ಮಾತನ್ನೇ ಹೇಳುತ್ತಾರೆ.

ಥೆಲ್ಮಾ ಆ ಬೆಳಗ್ಗೆಯೇ ಹೊರಟಿದ್ದಳು. ಚೂಪುಗಲ್ಲಿನ ಬಯಲಿನಲ್ಲಿ ಒಂದು ಟೈರು ಹೋಯಿತು, ಒಳ್ಳೆಯ ಟೈರೇ. ಆಮೇಲೆ ಇನ್ನೊಂದೂ ಹೋಯಿತು. ಎರಡನೆಯ ಸ್ಟೆಪ್ನಿಯ ಮೇಲೆ ಮಗಳ ಮನೆ ಮುಟ್ಟಿದಳು. ಮೊಮ್ಮಗಳು ಹುಟ್ಟುವ ಹೊತ್ತಿಗೆ ಬಿಸಿನೀರು ಕಾಯಿಸಿಕೊಂಡು ಕಾದಿದ್ದಳಂತೆ.

ಕೆಲವರಿಗೆ ನನ್ನ ಮೇಲೇ ಅನುಮಾನ. ಕ್ಲ್ಯಾರಿಯ ದನಿಯನ್ನು ನಾನು ಚೆನ್ನಾಗಿ ಅಣಕಿಸುತ್ತಿದ್ದೆ, ನೆವ್‌ನ ಶೆಡ್ಡಿನ ಇನ್ನೊಂದು ಬೀಗದ ಕೈ ನನ್ನ ಹತ್ತಿರ ಇತ್ತು, ಇದೆಲ್ಲ ನನ್ನದೇ ಕುಚೇಷ್ಟೆ ಅನ್ನುತ್ತಾರೆ. ಆ ರಾತ್ರಿ ನಾನು ಊರಲ್ಲೇ ಇರಲಿಲ್ಲ ಸ್ವಾಮಿ. ಎಡಗಾಲು ಮುರಿದುಕೊಂಡು ದೂರದ ಆಸ್ಪತ್ರೆಯಲ್ಲಿ ಬಿದ್ದಿದ್ದೆ. ಬಲಗಾಲು ಇರಬೇಕು. ಯಾವುದೋ ಒಂದು. ಮುರಿದದ್ದಂತೂ ನಿಜ, ಕತೆಯೂ ಅಷ್ಟೇ ನಿಜ.

ನಂಬದಿದ್ದರೆ ಟಿಂಬೂಲಾಕ್ಕೆ ಹೋಗಿ. ನೆವ್ ಈಗ ಶೆಡ್ಡಿಗೆ ಬೀಗ ಹಾಕುವುದಿಲ್ಲ, ನೀವೇ ಒಳಗೆ ಹೋಗಿ ನೋಡಬಹುದು. ಆ ಬೆಳಗ್ಗೆ ಅವನು ಕಡೆಗೂ ತಲೆಯೆತ್ತಿ ಕೊಕ್ಕೆ ನೋಡಿದಾಗ ಅಲ್ಲೊಂದು ಹಳದಿ ಬಣ್ಣ ಮೆತ್ತಿದ ಚಿಂದಿ ಕಟ್ಟಿತ್ತು. ತನ್ನದೇ ಚಕ್ರ ತಗೊಂಡು ಹೋದವನು, ಪದ್ಧತಿ ಬಿಡದೆ, ಕಟ್ಟಿ ಹೋಗಿದ್ದ. ನೆವ್ ಅದನ್ನು ಬಿಚ್ಚಿಲ್ಲ. ಇಷ್ಟು ವರ್ಷ ಆಯಿತು... ಮುಟ್ಟಿದರೆ ಆ ಬಣ್ಣ ಇನ್ನೂ ಹಸಿ ಇದೆ.